ಮದುವೆಗೆ ಎರಡನೇ ಫೋಟೋಗ್ರಾಫರನ್ನು ಗೊತ್ತುಮಾಡುವಾಗ

ಅಂತರಪಟ ಸರಿದ ಕೂಡಲೇ ಹೆಣ್ಣು-ಗಂಡು ಒಬ್ಬರ ತಲೆಗೊಬ್ಬರು ಜೀರಿಗೆ-ಬೆಲ್ಲ ಹಾಕುತ್ತಾರೆ. ವರನ ಬೆನ್ನ ಹಿಂದೆ ನಿಂತ ಕ್ಯಾಮೆರಾಗೆ ವಧುವಿನ ಮುಖವಷ್ಟೇ ಸಿಗುತ್ತದೆ. ಇನ್ನೊಬ್ಬರು ಬೇಕಾಗುವುದು ಇಲ್ಲಿಗೇ. ಸಾಲಾಗಿ ಬಂದು ನಿಲ್ಲುವ ರಿಸೆಪ್ಶನ್‌ಗೆ ಒಬ್ಬರೇ ಸಾಕು.

ಮೊದಲು ಮುಖ್ಯ ಫೋಟೋಗ್ರಾಫರನ್ನೇ ಕೇಳಿ, ಜೊತೆಗೆ ದುಡಿದು ರೂಢಿಯಿರುವವರನ್ನು ಅವರೇ ಕರೆತರಲಿ. ನೀವೇ ಹೊಸಬರನ್ನು ತಂದರೆ ಮಂಟಪದಲ್ಲಿ ಇಬ್ಬರೂ ಒಂದೇ ಜಾಗಕ್ಕೆ ನುಗ್ಗುತ್ತಾರೆ. ಆರಿಸಿದ ಹತ್ತು ಚಿತ್ರ ನೋಡಿ ಒಪ್ಪಬೇಡಿ. ಒಂದು ಮದುವೆಯ ಪೂರ್ತಿ ಫೋಲ್ಡರ್ ಕೇಳಿ. ಟ್ಯೂಬ್‌ಲೈಟಿಗೆ ಬಣ್ಣದ ಎಲ್‌ಇಡಿ ಬೆರೆತ ಛತ್ರದಲ್ಲಿ ಮುಖದ ಬಣ್ಣ ಹೇಗೆ ಬಂದಿದೆ ಎಂಬುದರಲ್ಲೇ ಕೈಚಳಕ ಗೊತ್ತಾಗುತ್ತದೆ.

ಎಷ್ಟು ಗಂಟೆ ಕೆಲಸ, ರಾ ಫೈಲ್ (ಕ್ಯಾಮೆರಾದಿಂದ ಬಂದ, ತಿದ್ದದ ಮೂಲ ಚಿತ್ರ) ಯಾರಿಗೆ, ಯಾವಾಗ ಕೊಡಬೇಕು, ಎಲ್ಲ ಬರೆದುಕೊಳ್ಳಿ. ಮುಂಗಡ ಮೂರನೇ ಒಂದು ಭಾಗ ದಾಟದಿರಲಿ.

ಬೆಳಿಗ್ಗೆಯೇ ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಸೆಕೆಂಡಿನವರೆಗೆ ಹೊಂದಿಸಿ. ಇಲ್ಲದಿದ್ದರೆ ಫೈಲ್ ಜೋಡಿಸುವಾಗ ತಾಳಿ ಕಟ್ಟಿದ ಮೇಲೆ ಕಾಶಿಯಾತ್ರೆ ಬರುತ್ತದೆ! ಮಾಂಗಲ್ಯಧಾರಣೆಗೆ ಒಬ್ಬರು ಅಗಲ ನೋಟದ 35 ಎಂಎಂ ಲೆನ್ಸ್ ಹಿಡಿದು ಹತ್ತಿರ, ಮತ್ತೊಬ್ಬರು ದೂರದ ಮುಖವನ್ನು ಹತ್ತಿರ ತೋರುವ 85 ಎಂಎಂ ಹಿಡಿದು ಎದುರು ಬದಿಯಲ್ಲಿ, ಹೆಣ್ಣಿನ ಅಮ್ಮನ ಮುಖದ ಮೇಲೆ ಕಣ್ಣಿಟ್ಟು. ಊಟಕ್ಕೆ ಮಾತ್ರ ಇಬ್ಬರನ್ನೂ ಒಟ್ಟಿಗೆ ಕೂರಿಸಬೇಡಿ.