ಮೆಟ್ಟಿಲಿಲ್ಲದ ಮಲೆನಾಡ ಮನೆ: ಪಂಚಾಂಗ (ಪಾಯ) ಹಾಕೋಕೆ ಮುಂಚೆ ಓದಿ

ಹೊಸ ಮನೆ ಕಟ್ಟೋರು ಇಂಜಿನಿಯರ್ ಹತ್ರ ಕೂತು ದೇವರ ಕೋಣೆ ಯಾವ ದಿಕ್ಕಿಗೆ, ಟಿವಿ ಯಾವ ಗೋಡೆಗೆ ಅಂತ ತಾಸುಗಟ್ಟಲೆ ಮಾತಾಡ್ತಾರೆ, ಆದ್ರೆ ಮಂಡಿ ನೋವಿನ ಅಮ್ಮ ಇಲ್ಲಾಂದ್ರೆ ವೀಲ್‌ಚೇರ್‌ನಲ್ಲಿರೋ ಮಾವ ಒಳಗೆ ಹೋಗೋದು ಹೇಗೆ ಅನ್ನೋ ಮಾತು ಎದ್ದೇಳೋದು ಗೃಹಪ್ರವೇಶದ ದಿನಾನೇ. ಆಮೇಲೆ ಮೇಸ್ತ್ರಿ ಕರೆಸಿ ಬಾಗಿಲ ಮುಂದೆ ಒಂದು ಗುಡ್ಡ ಮಾಡಿಸ್ತಾರೆ. ಅದರಲ್ಲಿ ಬೈಕ್ ಹತ್ತುತ್ತೆ, ಮನುಷ್ಯರು ಹತ್ತೋಕಾಗಲ್ಲ.

ನಮ್ಮ ಕಡೆ ಮನೇಲಿ ಮೆಟ್ಟಿಲು ಹುಟ್ಟೋದೇ ನೀರಿನ ಹೆದರಿಕೆಗೆ. ಅಂಗಳದ ನೀರು ಒಳಗೆ ಬರಬಾರದು ಅಂತ ಪಂಚಾಂಗ ಎತ್ತರಿಸ್ತೀವಿ, ಇರಚಲು ಹೊಡೀಬಾರದು ಅಂತ ಹೊಸ್ತಿಲು ಎತ್ತರಿಸ್ತೀವಿ, ಬಚ್ಚಲ ನೀರು ಹೊರಗೆ ಬರಬಾರದು ಅಂತ ಬಚ್ಚಲು ತಗ್ಗಿಸ್ತೀವಿ. ನೀರಿಗೆ ಬೇರೆ ದಾರಿ ತೋರಿಸಿದ್ರೆ ಈ ಮೂರೂ ಬೇಕಾಗಲ್ಲ. ಆದ್ರೆ ಅದನ್ನ ಪಂಚಾಂಗ ಹಾಕೋಕೆ ಮುಂಚೆನೇ ಮಾಡ್ಬೇಕು, ಆಮೇಲೆ ಮಾಡ್ತೀನಿ ಅಂದ್ರೆ ಒಡೆಯೋ ಖರ್ಚೇ ಜಾಸ್ತಿ.

ಮೊದಲು ಲೆವೆಲ್. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತೆ, ಶಿವಮೊಗ್ಗ ಪೇಟೇಲಿ ಅದರ ಕಾಲುಭಾಗವೂ ಇಲ್ಲ. ಆದ್ರೂ ಪೇಟೆ ಲೇಔಟ್‌ನಲ್ಲಿ ಪಕ್ಕದ ಮನೆಯೋರು ಮೂರಡಿ ಎತ್ತರಿಸಿದ್ರು ಅಂತ ಇವರೂ ಮೂರೂಕಾಲು ಎತ್ತರಿಸೋದನ್ನ ನೋಡಿದ್ದೀನಿ. ರಸ್ತೆ ಮಟ್ಟ, ಚರಂಡಿ ಮಟ್ಟ ಎರಡನ್ನೂ ಟ್ಯೂಬ್ ಲೆವೆಲ್‌ನಲ್ಲಿ (ನೀರು ತುಂಬಿದ ಪಾರದರ್ಶಕ ಪೈಪು) ಅಳೆದು ಎಷ್ಟು ಬೇಕೋ ಅಷ್ಟೇ ಏರಿಸಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಇಳಿಜಾರಿನ ಜಾಗ ಸಿಕ್ಕಿದ್ರೆ ಅದು ಅದೃಷ್ಟ ಅಂತಲೇ ತಿಳ್ಕೊಳ್ಳಿ, ಮನೆ ನೆಲ ಮೇಲ್ಬದಿಯ ಮಣ್ಣಿನ ಮಟ್ಟಕ್ಕೆ ಬರೋ ಹಾಗೆ ಇಟ್ಟು ಓಡಾಡೋ ಬಾಗಿಲು ಆ ಕಡೆಗೇ ಮಾಡಿ. ಧರೆಗೂ (ಕಡಿದ ಮಣ್ಣಿನ ದಂಡೆ) ಗೋಡೆಗೂ ಮಧ್ಯೆ ಅಗಲ ಚರಂಡಿ ಬಿಡಿ, ಅದರ ಮೇಲೆ ನಾಲ್ಕಡಿ ಅಗಲದ ಸ್ಲ್ಯಾಬ್ ಹಾಸಿದ್ರೆ ಮುಗೀತು, ರ‍್ಯಾಂಪ್ ಕೆಲಸಾನೇ ಇಲ್ಲ. ಚರಂಡಿ ಖರ್ಚು ಉಳಿಸೋಕೆ ಹೋಗಿ ಮಣ್ಣನ್ನ ಗೋಡೆಗೇ ಒತ್ತಿದ್ರೆ ಮಾತ್ರ ಮಳೆಗಾಲದಲ್ಲಿ ಗೋಡೆಯಿಂದಲೇ ನೀರು ಜಿನುಗುತ್ತೆ.

ರ‍್ಯಾಂಪ್ ಬೇಕೇಬೇಕು ಅಂದ್ರೆ ಲೆಕ್ಕ ಒಂದೇ, ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ. ಎರಡಡಿ ಏರೋಕೆ 24 ಅಡಿ. ಇದನ್ನ ಕೇಳಿದ ಕೂಡಲೇ ‘ಅಷ್ಟು ಜಾಗ ಎಲ್ಲಿ ಮಾರಾಯ್ರೇ’ ಅಂತ ಆರಡೀಲಿ ಮುಗಿಸ್ತಾರಲ್ಲ, ಅಂಥದ್ರಲ್ಲಿ ತಳ್ಳೋರ ಸೊಂಟ ಹೋಗುತ್ತೆ, ಇಳಿಸೋವಾಗ ಕೂತೋರ ಜೀವ ಬಾಯಿಗೆ ಬರುತ್ತೆ. ನೇರ ಜಾಗ ಇಲ್ದಿದ್ರೆ ಮನೆ ಪಕ್ಕದ ಗೋಡೆಗುಂಟ ತಗೊಂಡು ಹೋಗಿ, ತಿರುವಿನಲ್ಲಿ ಐದಡಿ ಚೌಕ ಸಮತಟ್ಟು ಬಿಡಿ, ಬಾಗಿಲ ಮುಂದೆನೂ ಅಷ್ಟೇ ಬಿಡಿ, ಇಲ್ಲಾಂದ್ರೆ ಬಾಗಿಲು ತೆಗೆಯೋವಾಗ ವೀಲ್‌ಚೇರ್ ಗಾಡಿ ಹಿಂದಕ್ಕೆ ಜಾರುತ್ತೆ. ಅಗಲ ನಾಲ್ಕಡಿ, ಎರಡೂ ಬದಿ ಮೂರಡಿ ಎತ್ತರಕ್ಕೆ ಹಿಡಿಕೆ ಪೈಪು, ಅಂಚಿಗೆ ನಾಲ್ಕಿಂಚು ಕಟ್ಟೆ. ಮೇಲೆ ಶೀಟ್ ಹೊದಿಸಿ, ಇದರಲ್ಲಿ ಮಾತ್ರ ಚೌಕಾಸಿ ಬೇಡ, ಮಳೇಲಿ ನೆನೆದ ಸಿಮೆಂಟಿಗೆ ಪಾಚಿ ಕಟ್ಟದೆ ಇರಲ್ಲ. ಸಿಮೆಂಟ್ ಹಸಿ ಇರೋವಾಗಲೇ ಕಡ್ಡಿಪೊರಕೆ ಅಡ್ಡ ಎಳೆದು ಗೆರೆ ಮೂಡಿಸಿ, ಮಳೆಗಾಲದಲ್ಲಿ ಆಗಾಗ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ. ಪಾರ್ಕಿಂಗ್ ಟೈಲ್ಸ್ ಹಾಕಿಸಬೇಡಿ, ಆ ಗುಬಟುಗಳ ಮೇಲೆ ವೀಲ್‌ಚೇರ್ ಗಡಗಡ ಅನ್ನುತ್ತೆ. ಮತ್ತೆ ರ‍್ಯಾಂಪ್ ಮೇಲೆ ಅಡಿಕೆ ಹರವಬೇಡಿ, ನಗಬೇಡಿ, ಎಲ್ಲರೂ ಹರವ್ತಾರೆ.

ಹೊಸ್ತಿಲು ಬೇಡ ಅಂದ್ರೆ ಮನೇಲಿ ಜಗಳ ಗ್ಯಾರಂಟಿ. ತೆಗೀಬೇಡಿ, ನೆಲದ ಮಟ್ಟಕ್ಕೆ ಹೂತು ಹಾಕ್ಸಿ, ಅರ್ಧ ಇಂಚಿಗಿಂತ ಜಾಸ್ತಿ ಮೇಲೆ ಬರದ ಹಾಗೆ ಎರಡೂ ಅಂಚು ಓರೆ ಕೆತ್ತಿಸಿ. ಅರಿಶಿನ ಕುಂಕುಮ ಹಚ್ಚೋಕೆ ಅಷ್ಟು ಸಾಕು. ಇರಚಲಿಗೆ ಸೂರು ಉದ್ದ ಬಿಡಿ, ಹೊಸ್ತಿಲ ಹೊರಗೆ ಜಾಲರಿ ಮುಚ್ಚಿದ ಒಂದು ಸಣ್ಣ ಕಾಲುವೆ ಕೊಡಿ.

ಬಾಗಿಲು. ‘ಬಾತ್‌ರೂಮಿಗೆ ಎರಡೂವರೆ ಅಡಿ ಸಾಕು ಸಾರ್’ ಅನ್ನೋರನ್ನ ನಂಬಬೇಡಿ. ಎರಡೂವರೆ ಅಂದ್ರೆ 30 ಇಂಚು, ಎರಡು ಕಡೆ ಚೌಕಟ್ಟು ಕಳೆದು, ತೆರೆದ ಬಾಗಿಲಿನ ದಪ್ಪ ಕಳೆದು ಉಳಿಯೋದು 24ರ ಆಸುಪಾಸು. ಸಾಮಾನ್ಯ ವೀಲ್‌ಚೇರ್ 25ರಿಂದ 27 ಇಂಚು ಅಗಲ ಇರುತ್ತೆ, ಜೊತೆಗೆ ಚಕ್ರ ತಳ್ಳೋ ಕೈ ಬೆರಳಿಗೂ ಜಾಗ ಬೇಕು. ಚೌಕಟ್ಟಿನ ಒಳಗಿನ ಅಳತೆ ಮೂರಡಿ ಅಂತ ಬಡಗಿಗೆ ಬರೆದೇ ಕೊಡಿ.

ಈಗ ಬಚ್ಚಲು, ಎಲ್ಲಕ್ಕಿಂತ ಜಾಸ್ತಿ ಕೆಡೋದು ಇಲ್ಲೇ. ಒಳಗೆ ಐದಡಿ ಸುತ್ತಳತೆ ಅಲ್ಲ, ಐದಡಿ ಅಡ್ಡಗಲದ ವೃತ್ತ ಖಾಲಿ ಇರಬೇಕು, ಆಗಲೇ ಗಾಡಿ ತಿರುಗೋದು. ಹಂಡೆ ಒಲೆ ಬೇಕು ಅನ್ನೋರು ಹಂಡೇನ ಹೊರಗೋಡೆ ಆಚೆ ಇಟ್ಟು ಪೈಪಲ್ಲಿ ಬಿಸಿನೀರು ತಗೊಳ್ಳಿ, ಒಳಗೆ ಕಟ್ಟೆ ಬೇಡ. ಟೈಲ್ಸ್ ಅಡಿಗೆ ಬರೋ ಬೆಡ್ ಕಾಂಕ್ರೀಟನ್ನೇ ಪಕ್ಕದ ಕೋಣೆಗಿಂತ ನಾಲ್ಕೈದು ಇಂಚು ತಗ್ಗಿಸಿ ಹಾಕ್ಸಿ, ಆಮೇಲೆ ಮೇಲಿನ ಗಾರೇಲಿ ಇಳಿಜಾರು ಕೊಟ್ಟು ಬಾಗಿಲ ಹತ್ರ ಟೈಲ್ಸ್ ಹೊರಗಿನ ಟೈಲ್ಸಿಗೆ ಸಮ ಬರಬೇಕು. ಐದಡಿಗೆ ಒಂದಿಂಚು ಇಳಿಜಾರು ಸಾಕು, ಅದು ಬಾಗಿಲಿಂದ ದೂರದ ಗೋಡೆ ಕಡೆಗೆ ಹೋಗ್ಬೇಕು, ಆ ಗೋಡೆ ಬುಡದಲ್ಲಿ ಉದ್ದ ಜಾಲರಿ. ಬಾಗಿಲು ಹೊರಗೆ ತೆರೀಬೇಕು, ಇಲ್ಲಾ ಸ್ಲೈಡಿಂಗ್ ಆಗ್ಬೇಕು, ಒಳಗೆ ಬಿದ್ದೋರು ಬಾಗಿಲಿಗೆ ಅಡ್ಡ ಬಿದ್ದಿದ್ರೆ ಒಳಕ್ಕೆ ತಳ್ಳೋಕಾಗಲ್ಲ. ಕಮೋಡ್ ಸೀಟು ನೆಲದಿಂದ 18 ಇಂಚು.

ಹಿಡಿಕೆ ರಾಡುಗಳ ಕಥೆ ಇನ್ನೊಂದು. ಜಂಬಿಟ್ಟಿಗೆ (ಮುರಕಲ್ಲು) ಗೋಡೆಗೆ ಡ್ರಿಲ್ ಮಾಡಿದ್ರೆ ಪುಡಿ ಉದುರುತ್ತೆ, ಅದರಲ್ಲಿ ಸ್ಕ್ರೂ ಮೈಭಾರ ತಡೆಯೋದು ಅನುಮಾನ. ಕಮೋಡ್ ಪಕ್ಕ, ಸ್ನಾನದ ಜಾಗ, ಎರಡೂ ಕಡೆ ಗೋಡೆ ಕಟ್ಟೋವಾಗಲೇ ಎರಡೂಕಾಲಿಂದ ಮೂರಡಿ ಎತ್ತರದಲ್ಲಿ ಒಂದು ಪಟ್ಟಿ ಕಾಂಕ್ರೀಟ್ ತುಂಬಿಸಿ, ಟೈಲ್ಸ್ ಮುಚ್ಚೋಕೆ ಮುಂಚೆ ಅಳತೆ ಸಮೇತ ಫೋಟೋ ತೆಗೆದಿಟ್ಕೊಳ್ಳಿ. ಈಗ ರಾಡ್ ಬೇಡದಿದ್ರೂ ಪಟ್ಟಿ ಇರ್ಲಿ. ಆನ್‌ಲೈನಲ್ಲಿ ಸಿಗೋ ರಬ್ಬರ್ ಬಟ್ಟಲಿನ ಅಂಟೋ ಹಿಡಿಕೆ ಮಾತ್ರ ತರ್ಲೇಬೇಡಿ, ಹೊಸತರಲ್ಲಿ ಗಟ್ಟಿ ಕಚ್ಚಿಕೊಂಡಿರುತ್ತೆ, ನಂಬಿ ಜೋತುಬಿದ್ದ ದಿನ ಕೈಗೆ ಬರುತ್ತೆ.

ನೆಲಕ್ಕೆ ಹೊಳಪಿನ ಟೈಲ್ಸ್ ಬೇಡ, ಜಡಿಮಳೇಲಿ ನೆಲ ಬೆವರುತ್ತೆ, ಆಗ ಕಾಲು ಗಟ್ಟಿ ಇರೋರೇ ಜಾರ್ತಾರೆ. ಅಂಗಡೀಲಿ ಸ್ಯಾಂಪಲ್ ಮೇಲೆ ನೀರು ಹಾಕಿಸಿ ಬರಿಗಾಲಲ್ಲಿ ಉಜ್ಜಿ ನೋಡಿ, ಸೇಲ್ಸ್‌ಮನ್ ಏನಂದ್ಕೊಂಡ್ರೂ ಪರವಾಗಿಲ್ಲ. ಸ್ವಿಚ್ ಮೂರೂವರೆ ಅಡಿಗೆ, ಪ್ಲಗ್ ಒಂದೂವರೆ ಅಡಿಗೆ, ಬಾಗಿಲಿಗೆ ತಿರುಗಿಸೋ ಗುಂಡಿ ಬದಲು ಉದ್ದ ಹಿಡಿ. ಡ್ಯೂಪ್ಲೆಕ್ಸ್ ಕಟ್ಟೋರು ಕೆಳಗೆ ಒಂದು ಮಲಗೋ ಕೋಣೆ ಮತ್ತು ಬಚ್ಚಲು ಇಡಿ. ‘ಮುಂದೆ ಲಿಫ್ಟ್ ಹಾಕಿಸ್ತೀವಿ’ ಅನ್ನೋದು ನಮ್ಮ ಕರೆಂಟು ನೋಡಿದ ಮೇಲೆ ಹೇಳೋ ಮಾತಲ್ಲ.

ಆಫೀಸು, ಆಸ್ಪತ್ರೆಗಳಂಥ ಕಡೆ ಇದನ್ನೆಲ್ಲ ಕೇಳೋಕೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ, ಸ್ವಂತ ಮನೇಲಿ ನೀವೇ ನಿಂತು ಕೇಳ್ಬೇಕು. ಅದಕ್ಕೆ ಟೈಲ್ಸ್‌ನೋರ ಕೊನೇ ಕಂತು ಕೊಡೋಕೆ ಮುಂಚೆ ಬಚ್ಚಲ ಬಾಗಿಲಲ್ಲಿ ನಿಂತು ಒಂದು ಬಕೆಟ್ ನೀರು ಸುರೀರಿ. ಅದು ಜಾಲರಿಗೆ ಹೋದ್ರೆ ದುಡ್ಡು ಕೊಡಿ, ಹಾಲ್ ಕಡೆ ಬಂದ್ರೆ ಅವತ್ತೇ ಕೀಳಿಸಿ.