ಕಾಂಗರೂ ಆರೈಕೆ ಎರಡು ಗಂಟೆಯಿಂದ ಹದಿನಾರಕ್ಕೆ ಏರಿದ್ದು ಹೇಗೆ: ನನ್ನ ಅನುಭವ

ಒಂದೂವರೆ ಕಿಲೋಗಿಂತ ಕಡಿಮೆ ತೂಕದ ಮಗುವನ್ನು ಬೆಚ್ಚಗಿಡುವ ವಾರ್ಮರ್ ಯಂತ್ರದಿಂದ ತೆಗೆದು, ಹಗಲೂ ರಾತ್ರಿ ತಾಯಿಯ ಎದೆ ಮೇಲೆ ಚರ್ಮಕ್ಕೆ ಚರ್ಮ ತಾಗುವಂತೆ ಇಡೋಣ (ಇದೇ ಕಾಂಗರೂ ಆರೈಕೆ) ಅಂದಾಗ ನಮ್ಮ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹೆಚ್ಚಿನವರು ಒಪ್ಪಲಿಲ್ಲ. 'ಮಗು ತಣ್ಣಗಾಗುತ್ತೆ, ಮೊದಲು ಸ್ಟೇಬಲ್ ಆಗ್ಲಿ' ಅನ್ನೋದು ಒಂದೇ ಮಾತು. 2021ರಲ್ಲಿ ಐದು ದೇಶಗಳ ಅಧ್ಯಯನ ಬಂತು. ಸ್ಟೇಬಲ್ ಆಗಲಿ ಅಂತ ಕಾಯದೆ, ಹುಟ್ಟಿದ ಕೂಡಲೇ ಶುರು ಮಾಡಿದ ಮಕ್ಕಳಲ್ಲಿ ಸಾವು ಕಾಲು ಭಾಗ ಕಡಿಮೆ. ಆದರೆ ಅಲ್ಲಿ ದಿನಕ್ಕೆ ಸುಮಾರು 17 ಗಂಟೆ ಕೊಟ್ಟಿದ್ದರು. ನಮ್ಮಲ್ಲಿ ಎರಡು ಗಂಟೆ ಆದರೆ ಹೆಚ್ಚು.

ತಡೆ ಇದ್ದದ್ದು ಅಮ್ಮನ ಬೆನ್ನಿನಲ್ಲಿ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು ಗಂಟೆಯೊಳಗೆ, 'ಸಿಸ್ಟರ್, ಬೆನ್ನು ಹಿಡ್ಕೊಂಡಿದೆ, ಮಗೂನ ತಗೊಳ್ಳಿ' ಅನ್ನುತ್ತಿದ್ದರು. ಸಿಸೇರಿಯನ್ ಆದವರ ಪಾಡು ಕೇಳಲೇಬೇಡಿ. ಒರಗುವ ಕುರ್ಚಿ ಕೇಳಿದರೆ ದುಡ್ಡಿಲ್ಲ ಅಂದರು. ವಾರ್ಮರ್ ರಿಪೇರಿಯ ಹಳೇ ಬಿಲ್‌ಗಳನ್ನು ಕೂಡಿಸಿ ಮುಂದಿಟ್ಟೆ. ಆ ದುಡ್ಡಿಗೆ ಆರೇಳು ಕುರ್ಚಿ ಬರುತ್ತಿದ್ದವು. ಆಮೇಲೆ ಯಾರೂ ಮಾತಾಡಲಿಲ್ಲ.

ಮಗುವನ್ನು ಎದೆಗೆ ಕಟ್ಟುವ ಬಟ್ಟೆ, ಅಂದರೆ ಬೈಂಡರ್, ಇನ್ನೊಂದು ತಲೆನೋವು. ರೆಡಿಮೇಡ್ ತರಿಸಿದೆವು, ದುಬಾರಿ. ನಾಲ್ಕೈದು ಸಲ ಒಗೆದರೆ ಎಲಾಸ್ಟಿಕ್ ಸಡಿಲ. ಮಗು ಕೆಳಗೆ ಜಾರಿ ಗದ್ದ ಎದೆಗೆ ತಾಗುತ್ತಿತ್ತು, ರಕ್ತದ ಆಮ್ಲಜನಕದ ಮಟ್ಟ (ಸ್ಯಾಚುರೇಷನ್) ಇಳಿದು ಮಾನಿಟರ್ ಕೂಗುತ್ತಿತ್ತು. 'ನೋಡಿದ್ರಾ?' ಅನ್ನೋರಿಗೆ ಅಷ್ಟೇ ಸಾಕಾಯ್ತು. ಕೊನೆಗೆ ಟೀ ಶರ್ಟಿನಂಥ ಹಿಗ್ಗುವ ಬಟ್ಟೆ ತಂದು ನಾವೇ ಹೊಲಿಸಿದೆವು. ಒಂದರ ಬೆಲೆಗೆ ಏಳೆಂಟು ಬಂದವು. ಮೇಲಂಚು ಮಗುವಿನ ಕಿವಿಯ ಕೆಳಗೇ ಬರಬೇಕು, ಕುತ್ತಿಗೆ ಒಂದು ಕಡೆ ತಿರುಗಿ ತುಸು ಮೇಲಕ್ಕಿರಬೇಕು, ಕಾಲು ಕಪ್ಪೆಯಂತೆ ಮಡಚಿರಬೇಕು. ಇದು ಎಲ್ಲ ಕಡೆ ಇರುವ ಪದ್ಧತಿಯೇ. ಅಮ್ಮ ಮಲಗಿದಾಗಲೂ ಮಗು ಜಾರದ ಗಂಟು ಮಾತ್ರ ನಮ್ಮದೇ. ಅದನ್ನು ಬರೆದು ಕಲಿಸೋಕಾಗಲ್ಲ, ಕೈಯಲ್ಲಿ ಕಟ್ಟಿ ತೋರಿಸಬೇಕು.

ನಡುವೆ ಬೇರೆ ಪ್ರಯೋಗಗಳೂ ಆದವು. ಅಪ್ಪಂದಿರನ್ನು ಕೂರಿಸಿದೆವು, ಮಗುವಿನ ಮೈ ಉಷ್ಣತೆ 36.5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯಲಿಲ್ಲ. ಅಮ್ಮನಿಗೆ ರಾತ್ರಿ ನಿದ್ದೆ ಸಿಕ್ಕಿದ್ದೇ ಇದರಿಂದ. ಮಗು ಎದೆ ಮೇಲಿರುವಾಗಲೇ ಹಾಲು ಹಿಂಡಿಸಿದರೆ ಜಾಸ್ತಿ ಬರುತ್ತಿತ್ತು. ಸಣ್ಣಗೆ ಹಾಡು ಹಾಕಿಯೂ ನೋಡಿದೆವು, ಅದರಿಂದ ಏನೂ ಕಾಣಲಿಲ್ಲ, ಬಿಟ್ಟೆವು.

ಈಗ ದಿನಕ್ಕೆ ಹದಿನೈದು, ಹದಿನಾರು ಗಂಟೆ ಸಲೀಸು. ಮಗುವಿನ ತೂಕ, ಅದರ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 15 ಗ್ರಾಂ ಆಸುಪಾಸು ಏರುತ್ತಿದೆ. ಬೇಡ ಅಂದಿದ್ದ ಡಾಕ್ಟರೇ ರೌಂಡ್ಸ್‌ನಲ್ಲಿ 'ಎಷ್ಟು ಗಂಟೆ ಆಯ್ತು?' ಅಂತ ಮೊದಲು ಕೇಳುತ್ತಾರೆ. ನನಗೆ ಇಷ್ಟು ಸಾಲದು. ತಾಯಂದಿರ ಮಂಚ ಘಟಕದ ಒಳಗೇ ಬರಬೇಕು. ಅದರ ಲೆಕ್ಕವನ್ನೂ ಬರೆದು ಕೊಟ್ಟಿದ್ದೇನೆ.