ನೆಲದ ಹೀಟ್ ಪಂಪ್: ಬೋರನ್ನು ತಳದಿಂದ ತುಂಬಿ

ಹೀಟ್ ಪಂಪ್ ಹಾಕಿಸುವವರು ಯಂತ್ರದ ಡಬ್ಬಿಯನ್ನೇ ಸುತ್ತಿ ಸುತ್ತಿ ನೋಡುತ್ತಾರೆ. ಕೆಲಸ ಕೆಡುವುದು ಮಾತ್ರ ನೆಲದೊಳಗೆ.

ಫ್ರಿಜ್ಜಿನ ಹಿಂದೆ ಕೈಯಿಟ್ಟರೆ ಬಿಸಿ ಅಲ್ವಾ? ಒಳಗಿನ ತರಕಾರಿಯಿಂದ ಎಳೆದ ಶಾಖ ಅದು. ಹೀಟ್ ಪಂಪ್ ಹಾಗೇ ನೆಲದ ಶಾಖವನ್ನು ಎಳೆದು ಕಟ್ಟಡಕ್ಕೆ ಕೊಡುತ್ತದೆ. ಆ ಶಾಖ ಹೊತ್ತು ತರುವುದು ನೆಲದೊಳಗೆ ಸುತ್ತಿ ಬರುವ ಪೈಪಿನ ನೀರು; ಆ ಪೈಪಿಗೇ ಲೂಪ್ ಅನ್ನುವುದು. ಹತ್ತು ಮೀಟರ್ ಕೆಳಗೆ ಚಳಿಗಾಲ, ಬೇಸಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಸೆಕೆಯಲ್ಲಿ ಒಂದು ವಾಲ್ವ್ ತಿರುಗಿ ಯಂತ್ರದೊಳಗಿನ ಗ್ಯಾಸ್ ಓಡುವ ದಿಕ್ಕು ಬದಲಾಗುತ್ತದೆ, ಮನೆಯ ಬಿಸಿ ನೆಲಕ್ಕಿಳಿಯುತ್ತದೆ. ಕೆಲಸ ಸರಿಯಾಗಿದ್ದರೆ ಒಂದು ಯೂನಿಟ್ ಕರೆಂಟಿಗೆ ಮೂರು-ನಾಲ್ಕು ಯೂನಿಟ್ ಶಾಖ ಸಿಗುತ್ತದೆ.

ಮೊದಲು ಕಟ್ಟಡಕ್ಕೆ ಎಷ್ಟು ಶಾಖ ಬೇಕೆಂದು ಲೆಕ್ಕ ಹಾಕಿಸಿ. ಚದರಡಿ ಕೇಳಿ ಬಾಯಿಲೆಕ್ಕ ಹೇಳುವವರನ್ನು ಬಾಗಿಲಿಂದಲೇ ಕಳಿಸಿ.

ಜಾಗ ಜಾಸ್ತಿ ಇದ್ದರೆ ಒಂದೂವರೆ ಮೀಟರ್ ಆಳದ ಕಾಲುವೆ ತೋಡಿ ಪೈಪ್ ಹಾಸಬಹುದು. ಇಲ್ಲದಿದ್ದರೆ 60ರಿಂದ 150 ಮೀಟರ್ ಬೋರ್, ಒಂದರಿಂದೊಂದಕ್ಕೆ 5–6 ಮೀಟರ್ ದೂರ. ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ ಪೈಪನ್ನೇ ತನ್ನಿ. ನೆಲದಡಿ ಕಾಯಿಸಿ ಬೆಸೆದ ಜಾಯಿಂಟ್ ಬಿಟ್ಟು ಬೇರೆ ಬೇಡ. ಕ್ಲ್ಯಾಂಪ್ ಹಾಕಿ ‘ಏನೂ ಆಗಲ್ಲ’ ಅನ್ನುವವರು ಸೋರಿದ ದಿನ ಅಗೆಯೋಕೆ ಬರುವುದಿಲ್ಲ.

ಈಗ ಎಡವುವ ಜಾಗ. ಪೈಪ್ ಇಳಿಸಿದ ಮೇಲೆ ಅದರ ಸುತ್ತಲಿನ ಸಂದು ಪೂರ್ತಿ ತುಂಬಬೇಕು. ಒಂದು ಕಡೆ ನಾನು ನೋಡುತ್ತಿದ್ದ ಹಾಗೇ ಕೊರೆದ ಮಣ್ಣನ್ನೇ ಸಲಿಕೆಯಲ್ಲಿ ಮೇಲಿಂದ ಸುರಿದರು. ಮಣ್ಣು ನಡುವೆ ಎಲ್ಲೋ ಸಿಕ್ಕಿಕೊಂಡಿತು, ಬಾಯಿ ಮಟ್ಟ ಕಂಡಿತು, ಎಲ್ಲರೂ ಟೀಗೆ ಹೋದರು. ಬೆಳಗ್ಗೆ ಬಂದರೆ ಮೊಳದುದ್ದ ಕುಸಿದಿತ್ತು. ಕೆಳಗೆ ಉಳಿದ ಪೊಳ್ಳಿನಲ್ಲಿ ಗಾಳಿಯಿದ್ದರೆ ಶಾಖ ದಾಟುವುದೇ ಇಲ್ಲ. ಮೇಲಿನ ಕೊಳಕು ನೀರಿಗೂ ಅಂತರ್ಜಲಕ್ಕೆ ದಾರಿಯಾಗುತ್ತದೆ.

ಸರಿಯಾದ ದಾರಿ ಇದು. ಲೂಪ್ ಪೈಪಿನ ಜೊತೆಗೇ ಇನ್ನೊಂದು ತೆಳು ಪೈಪನ್ನು ತಳದ ತನಕ ಇಳಿಸಿ. ಲೂಪಿನಲ್ಲಿ ನೀರು ತುಂಬಿ ಒತ್ತಡ ಕೊಟ್ಟಿಡಿ. ಆಮೇಲೆ ಗ್ರೌಟನ್ನು, ಅಂದರೆ ಸಂದು ತುಂಬಲು ಕಲಸಿದ ರಾಡಿಯನ್ನು, ತಳದಿಂದ ಮೇಲಕ್ಕೆ ಪಂಪ್ ಮಾಡಿ. ತೆಳು ಪೈಪನ್ನು ನಿಧಾನ ಎಳೆಯಿರಿ, ಅದರ ತುದಿ ಗ್ರೌಟಿನೊಳಗೆ ಮುಳುಗಿಯೇ ಇರಲಿ. ಬೋರಿನ ಬಾಯಲ್ಲಿ ಮೊದಲು ಬರುವುದು ಕೆಸರು ನೀರು. ಅದನ್ನು ನೋಡಿ ಪಂಪ್ ನಿಲ್ಲಿಸಬೇಡಿ. ಗ್ರೌಟು ಬಕೆಟ್ಟಿನಲ್ಲಿ ಕಲಸಿದಷ್ಟೇ ಗಟ್ಟಿಯಾಗಿ ಹೊರಗೆ ಬರುವ ತನಕ ತುಂಬಿ. ಬರೀ ಬೆಂಟೊನೈಟ್ (ನೀರು ಕುಡಿದು ಉಬ್ಬುವ ಜೇಡಿಮಣ್ಣು) ಗ್ರೌಟು ಅಗ್ಗ, ಆದರೆ ಶಾಖ ಸರಿಯಾಗಿ ಸಾಗಿಸುವುದಿಲ್ಲ. ಸಿಲಿಕಾ ಮರಳು ಬೆರೆತದ್ದು ಅದರ ಎರಡರಷ್ಟು ಸಾಗಿಸುತ್ತದೆ, ನಾನಂತೂ ಅದನ್ನೇ ಹಾಕಿಸುತ್ತೇನೆ. ಮರುದಿನ ಇಳಿದಿದ್ದರೆ ಮತ್ತೆ ತುಂಬಿ.

ಲೂಪಿನೊಳಗಿನ ಗಾಳಿ ಓಡಿಸಲು ನೀರು ಸೆಕೆಂಡಿಗೆ 0.6 ಮೀಟರ್ ವೇಗದಲ್ಲಾದರೂ ಹರಿಯಬೇಕು. ಯಂತ್ರದ ಪುಟ್ಟ ಪಂಪಿಗೆ ಅದು ಆಗದ ಮಾತು, ದೊಡ್ಡದೊಂದನ್ನು ಬಾಡಿಗೆಗೆ ತನ್ನಿ. ಚಳಿ ಊರಾದರೆ ನೀರು ಹೆಪ್ಪುಗಟ್ಟದ ಹಾಗೆ ಪ್ರೊಪಿಲೀನ್ ಗ್ಲೈಕಾಲ್ ಸೇರಿಸಿ, ಕಾರಿನ ಕೂಲೆಂಟ್ ಸುರಿಯಬೇಡಿ.

ಮನೆಯೊಳಗೆ ನೆಲದಡಿ ಪೈಪಿದ್ದರೆ 35 ಡಿಗ್ರಿ ನೀರೇ ಸಾಕು. ತಂಪಿಗೆ ಮಾತ್ರ ಫ್ಯಾನ್ ಕಾಯಿಲ್ (ತಣ್ಣೀರಿನ ಸುರುಳಿ ಮೇಲೆ ಗಾಳಿ ಊದುವ ಪೆಟ್ಟಿಗೆ) ಬೇರೆ ಹಾಕಿಸಿ. ತಣ್ಣೀರು ಹರಿಸಿ ನೆಲ ಜಾಸ್ತಿ ತಣ್ಣಗಾದರೆ ಬೆವರಿ ಕಾಲು ಜಾರುತ್ತದೆ.

ಬೋರಿನ ಬಾಯಿ ಮುಚ್ಚುವ ಮುಂಚೆ ಗೋಡೆಯ ಎರಡು ಮೂಲೆಗಳಿಂದ ಟೇಪ್ ಹಿಡಿದು ಅದು ಎಲ್ಲಿದೆ ಎಂದು ಅಳೆದು ಬರೆದು, ಆ ಚೀಟಿಯನ್ನು ಯಂತ್ರದ ಬಾಗಿಲ ಒಳಗೆ ಅಂಟಿಸಿಡಿ.